ಪದ ಪರಿಚಯ: ಸಾಂಸ್ಥಿಕ ವ್ಯವಸ್ಥೆ

ಕಬ್ಬು ಪೂರೈಸಿದ 14 ದಿನದೊಳಗೆ ಕಾರ್ಖಾನೆ ರೈತರಿಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಇಂಥ ಕಟ್ಟಳೆಗಳನ್ನೇ ಅರ್ಥಶಾಸ್ತ್ರ ‘ಸಾಂಸ್ಥಿಕ ವ್ಯವಸ್ಥೆ’ ಎನ್ನುವುದು. 1993ರಲ್ಲಿ ನೊಬೆಲ್ ಪಡೆದ ಡಗ್ಲಾಸ್ ನಾರ್ತ್ ಇವನ್ನು ಆಟದ ನಿಯಮಗಳೆಂದರು. ಕಾರ್ಖಾನೆ, ಬ್ಯಾಂಕು, ಸೊಸೈಟಿಗಳು ಆಡುವವರು. ಬರೆದ ಕಾನೂನಿನ ಜೊತೆಗೆ ಊರ ರೂಢಿ, ಜಾರಿ ಮಾಡುವ ಬಲ ಎರಡೂ ಇದರಲ್ಲಿ ಸೇರುತ್ತವೆ.

ಬೆಳವಣಿಗೆಗೂ ಇದಕ್ಕೂ ಏನು ನಂಟು? ಅಥಣಿ ಕಡೆಯ ಒಂದು ಹೊಲ ತೆಗೆದುಕೊಳ್ಳಿ. ಕಡಿದ ಕಬ್ಬು ಕಾಯುವುದಿಲ್ಲ. ಒಣಗಿದಷ್ಟೂ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಕುಸಿಯುತ್ತದೆ. ಗ್ಯಾಂಗಿನವರು ಕಡಿದು ಟ್ರ್ಯಾಕ್ಟರಿಗೆ ಹೇರಿದ ಮೇಲೆ ರೈತ ಚೌಕಾಸಿ ಮಾಡುವ ಹಾಗಿಲ್ಲ. ಕಾಟಾದ ತೂಕ, ಕೈಗೆ ಬಂದ ಚೀಟಿ, ಬಿಲ್ಲಿನ ತಾರೀಕು ನಂಬುವಂತಿದ್ದರೆ ಸಾಲ ಮಾಡಿಯಾದರೂ ಹನಿ ನೀರಾವರಿ ಹಾಕಿಸುತ್ತಾನೆ. ಒಮ್ಮೆ ನೆಟ್ಟ ಕಬ್ಬು ಕುಳೆಯಾಗಿ ಮತ್ತೆ ಬೆಳೆ ಕೊಡುವುದರಿಂದ ಅವನ ಲೆಕ್ಕ ಯಾವಾಗಲೂ ಮುಂದಿನ ವರ್ಷಗಳದ್ದು. ನಂಬಿಕೆ ಇಲ್ಲದಿದ್ದರೆ ಬಂದಷ್ಟು ಬರಲಿ ಎಂದು ಕೈಕಟ್ಟಿ ಕೂರುತ್ತಾನೆ. ಸಾವಿರಾರು ಹೊಲಗಳಲ್ಲಿ ದಶಕಗಟ್ಟಲೆ ಹೀಗೇ ನಡೆದರೆ, ಕೃಷ್ಣೆಯ ನೀರು ಅದೇ, ಕರಿಮಣ್ಣೂ ಅದೇ, ಗಳಿಕೆ ಮಾತ್ರ ಬೇರೆ.

ನಿಯಮದ ಲಾಭ ಕೆಲವರಿಗಷ್ಟೇ ಸಿಕ್ಕರೆ ಏಳಿಗೆ ಬಹುಕಾಲ ಬಾಳದು ಎಂಬುದು 2024ರ ನೊಬೆಲ್ ಪಡೆದ ಅಸೆಮೋಗ್ಲು, ಜಾನ್ಸನ್, ರಾಬಿನ್ಸನ್ ವಾದ. ಈ ಮಾತು ತುಸು ಸರಳವಾಯಿತು ಎಂದು ನನಗನಿಸುತ್ತದೆ. ಹಲವರನ್ನು ಹೊರಗಿಟ್ಟುಕೊಂಡೇ ನಮ್ಮ ಕಬ್ಬಿನ ಸೀಮೆ ಬಹಳ ವರ್ಷ ದುಡ್ಡು ಕಂಡಿದೆಯಲ್ಲ!

ಹೊರಗಿಡುವ ಕೆಲಸವನ್ನು ಹೆಚ್ಚಾಗಿ ಮಾಡುವುದು ರೂಢಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ, ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಬಿಟ್ಟು, ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂತು, ದೇಶಕ್ಕೆ 2005ರಲ್ಲಿ. ಆದರೂ ತವರಿನ ನಂಟು ಹರಿಯಬಾರದೆಂದು ಅಕ್ಕತಂಗಿಯರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ನಿಂತಿಲ್ಲ. ಉತಾರದಲ್ಲಿ (ಪಹಣಿಗೆ ನಮ್ಮ ಕಡೆ ಹೀಗೇ ಅನ್ನುವುದು) ಹೆಸರಿಲ್ಲದವಳಿಗೆ ಸೊಸೈಟಿಯ ಬೆಳೆಸಾಲ ಸಿಗುವುದು ಕಷ್ಟ, ಬಿಲ್ಲು ಅವಳ ಖಾತೆಗೆ ಬರುವುದಿಲ್ಲ. ಸಹಕಾರಿ ಕಾರ್ಖಾನೆಯಲ್ಲಿ ಷೇರು ಇಲ್ಲದ ಮೇಲೆ ಮತವೂ ಇಲ್ಲ. ಹೀಗಾಗಿ ಕಬ್ಬು ಕಡಿಸುವ ಸರದಿಯಿಂದ ಹಿಡಿದು ಬಿಲ್ಲಿನ ತನಕ ಎಲ್ಲವನ್ನೂ ನೋಡಿಕೊಳ್ಳುವ ಆಡಳಿತ ಮಂಡಳಿಯನ್ನು ಆರಿಸುವವರು ಬಹುಪಾಲು ಅವಳ ಅಣ್ಣತಮ್ಮಂದಿರೇ.