ಭಾಷಾವಿಜ್ಞಾನಿ ಅಂದರೆ ಯಾರು, ಅವರ ಕೆಲಸ ಏನು?

‘ಬಂದಿದ್ದಾನೆ’ ಅನ್ನುವುದಕ್ಕೆ ಧಾರವಾಡದ ಕಡೆ ‘ಬಂದಾನ’ ಅನ್ನುತ್ತಾರೆ, ಮಂಡ್ಯದ ಕಡೆ ‘ಬಂದವ್ನೆ’ ಅನ್ನುತ್ತಾರೆ. ಯಾವುದು ಸರಿ ಅಂತ ತೀರ್ಪು ಕೊಡುವುದು ಭಾಷಾವಿಜ್ಞಾನಿಯ ಕೆಲಸ ಅಲ್ಲ. ಈ ರೂಪಗಳು ಹೇಗೆ ಹುಟ್ಟಿದವು, ಯಾವ ಊರಿನ ತನಕ ನಡೆಯುತ್ತವೆ, ಯಾರು ಯಾರ ಹತ್ತಿರ ಹೀಗೆ ಮಾತಾಡುತ್ತಾರೆ ಅನ್ನುವುದನ್ನು ಹುಡುಕಿ ಬರೆದಿಡುವವರು ಅವರು.

ಬರಹವೇ ಇಲ್ಲದ ಭಾಷೆಯಾದರೆ ಕೆಲಸ ದನಿಗಳಿಂದಲೇ ಶುರು. ಕನ್ನಡದಲ್ಲಿ ಬಲೆ ಬೇರೆ, ಬಳೆ ಬೇರೆ ಅಲ್ವಾ? ಬದಲಾಗಿದ್ದು ಒಂದೇ ದನಿ, ಅರ್ಥ ಪೂರ್ತಿ ಬೇರೆ. ಇಂಥ ಜೋಡಿಗಳನ್ನು ಜನರ ಮಾತಿನಿಂದ ಹೆಕ್ಕಿ ಹೆಕ್ಕಿ ಆ ಭಾಷೆಯಲ್ಲಿ ಯಾವ ಯಾವ ದನಿಗಳಿವೆ ಅಂತ ಗೊತ್ತು ಮಾಡಿಕೊಳ್ಳಬೇಕು. ವ್ಯಾಕರಣ, ನಿಘಂಟು ಎಲ್ಲ ಆಮೇಲೆ.

ಭಾಷಾವಿಜ್ಞಾನಿ ಎಂ. ಬಿ. ಎಮಿನೋ ಅವರನ್ನೇ ನೋಡಿ. ಕೆನಡಾದಲ್ಲಿ ಹುಟ್ಟಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ಓದಿದವರು, 1935ರಿಂದ 1938ರವರೆಗೆ ಭಾರತದಲ್ಲಿದ್ದು ನೀಲಗಿರಿಯ ತೋಡ, ಕೋಟ ಭಾಷೆಗಳನ್ನೂ ಕೊಡವ ತಕ್ಕ್ ಅನ್ನೂ ಅಲ್ಲಿನವರ ಬಾಯಿಂದಲೇ ಕೇಳಿ ಬರೆದುಕೊಂಡರು. 1940ರಿಂದ ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದರು. ಆಕ್ಸ್‌ಫರ್ಡಿನ ಟಿ. ಬರೋ ಜೊತೆ ಸೇರಿ ಮಾಡಿದ ದ್ರಾವಿಡ ಪದಮೂಲ ನಿಘಂಟು 1961ರಲ್ಲಿ ಬಂತು. ತೋಡರ ಹಾಡುಗಳು ಪುಸ್ತಕವಾಗಿದ್ದು 1971ರಲ್ಲಿ! ಪಾಠ ಹೇಳುತ್ತಲೇ ಹಳೆಯ ಟಿಪ್ಪಣಿಗಳನ್ನು ಅಷ್ಟು ವರ್ಷ ಬಿಡದೆ ಹಿಡಿದು ಕೂತಿದ್ದರಲ್ಲ, ನನಗೆ ಅವರ ಬಗ್ಗೆ ಗೌರವ ಜಾಸ್ತಿಯಾಗುವುದು ಅದಕ್ಕೇ.

ನಮ್ಮಲ್ಲಿ ಈ ದಾರಿ ಹಿಡಿಯುವವರು ಸಾಮಾನ್ಯವಾಗಿ ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿ, ನೆಟ್ ಅನ್ನುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆದು, ಪಿಎಚ್.ಡಿ.ಗೆ ಸೇರುತ್ತಾರೆ. ಪಾಠ ಹೇಳುವುದಷ್ಟೇ ಅಲ್ಲ, ಬೇರೆ ಕೆಲಸಗಳೂ ಇವೆ. 1969ರಲ್ಲಿ ಶುರುವಾದ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ಭಾಷೆಗಳ ದಾಖಲೆ, ಪಠ್ಯ ತಯಾರಿ ನಡೆಯುತ್ತದೆ, ಬೇರೆ ರಾಜ್ಯಗಳ ಮೇಷ್ಟ್ರುಗಳು ಬಂದು 10 ತಿಂಗಳು ಇನ್ನೊಂದು ಭಾರತೀಯ ಭಾಷೆ ಕಲಿಯುವ ಕೋರ್ಸ್ ಕೂಡ ಇದೆ. ಮಾತಿನ ತೊಂದರೆ ಇರುವ ಮಕ್ಕಳ ಚಿಕಿತ್ಸೆಗೂ, ಮಾತನ್ನು ಬರಹ ಮಾಡುವ ಸಾಫ್ಟ್‌ವೇರ್‌ಗೂ ಇವರ ತಿಳಿವಳಿಕೆ ಬೇಕು. ಕಾಯಂ ಹುದ್ದೆ ಸುಲಭಕ್ಕೆ ಸಿಗೋದಿಲ್ಲ, ಅದನ್ನೂ ಹೇಳಿಬಿಡಬೇಕು.

ಆದರೂ ಮನೆಯಲ್ಲಿ ತುಳು, ಕೊಡವ, ಬ್ಯಾರಿ ಮಾತಾಡುವ ಹುಡುಗ ಹುಡುಗಿಯರು ಈ ಓದಿಗೆ ಬರಬೇಕು ಅಂತ ನನಗೆ ತುಂಬಾ ಆಸೆ. ಹೊರಗಿನಿಂದ ಬಂದವರು ವರ್ಷಗಟ್ಟಲೆ ಕೇಳಿ ತಿಳಿಯುವ ಎಷ್ಟೋ ಸಂಗತಿ ಇವರಿಗೆ ಅಜ್ಜಿಯ ಜೊತೆ ಮಾತಾಡುತ್ತಲೇ ಬಂದಿರುತ್ತದೆ.