ಗಿಡ ಎರಡು, ಮರ ಒಂದೇ

ಅಮೆರಿಕದ ಓಹಾಯೋ, ಕೆಂಟಕಿ, ಮೇರಿಲ್ಯಾಂಡ್ ಕಡೆ ನೆಲೆಸಿರುವ ನಮ್ಮವರು ಹಿತ್ತಲಲ್ಲಿ ಪಾಪಾ ನೆಡುತ್ತಿರುವುದು ಸಂತೋಷ. ಸೀತಾಫಲದ ಕುಟುಂಬದ ಮರ, ಅಲ್ಲಿಯ ಕಾಡಿನದೇ ಹಣ್ಣು, ಹಿಮಕ್ಕೂ ಜಗ್ಗದು. ಆದರೆ ಪ್ರತಿ ವಸಂತದಲ್ಲೂ ಪ್ರಶ್ನೆ ಒಂದೇ: "ಮರದ ತುಂಬ ಹೂ, ಒಂದು ಕಾಯಿಯೂ ನಿಲ್ಲುತ್ತಿಲ್ಲ. ಏನು ಗೊಬ್ಬರ ಹಾಕಬೇಕು?"

ಗೊಬ್ಬರವಲ್ಲ, ಬೇರೆ ತಳಿಯ ಮರ ಬೇಕು. "ಎರಡು ಗಿಡ ಇವೆಯಲ್ಲ!" ಅನ್ನುತ್ತಾರೆ. ವಿಚಾರಿಸಿದರೆ ಎರಡನೆಯದು ಮೊದಲನೆಯದರ ಬೇರಿನಿಂದಲೇ ಎದ್ದ ಮರಿ. ಇಲ್ಲವೇ ಎರಡೂ ಕಸಿ ಕಟ್ಟಿದ ಶೆನಂಡೋವಾ ಎಂಬ ಒಂದೇ ತಳಿ. ಲೆಕ್ಕಕ್ಕೆ ಅದು ಒಂದೇ ಮರ. ಪಾಪಾ ತನ್ನದೇ ಪರಾಗವನ್ನು ಸಾಮಾನ್ಯವಾಗಿ ಒಪ್ಪದು. ಕಾಡಿನಲ್ಲಿ ದೊಡ್ಡ ಮೆಳೆಯೇ ಇದ್ದೂ ಹಣ್ಣಿಲ್ಲದಿರುವುದು ಇದೇ ಕಾರಣಕ್ಕೆ: ಮೆಳೆಯೆಲ್ಲ ಒಂದೇ ಬೇರಿನ ಸಂತಾನ. ಸನ್‌ಫ್ಲವರ್ ತಳಿ ಒಂಟಿಯಾಗಿಯೂ ಕಾಯಿ ಬಿಡುತ್ತದೆ ಅನ್ನುವವರಿದ್ದಾರೆ. ಅದನ್ನೇ ನಂಬಿ ಕೂರಬೇಡಿ. ಶೆನಂಡೋವಾ ಪಕ್ಕ ಸಸ್ಕ್ವೆಹಾನಾ ತಳಿ ಇಡಿ, ಅಥವಾ ಬೇರೆ ಬೇರೆ ಬೀಜದಿಂದ ಎದ್ದ ಎರಡು ಸಸಿ. ನಡುವೆ ಎಂಟು ಹತ್ತು ಅಡಿ ಸಾಕು. ದೂರವಾದಷ್ಟೂ ಕಷ್ಟ, ಏಕೆಂದರೆ ಇಲ್ಲಿ ಜೇನುನೊಣದ ಭರವಸೆ ಇಲ್ಲ. ಪರಾಗ ಹೊರುವುದು ನೊಣ, ಜೀರುಂಡೆ, ಅವು ಸೋಮಾರಿಗಳು.

ಅವುಗಳ ಮೇಲೆ ನಂಬಿಕೆ ಇಲ್ಲದಿದ್ದರೆ ಸಣ್ಣ ಬ್ರಷ್ ಹಿಡಿದು ನೀವೇ ಪರಾಗ ಮುಟ್ಟಿಸಿ. ಇಲ್ಲೂ ಎಡವುತ್ತಾರೆ. ಒಂದೇ ಹೂವಿನಲ್ಲಿ ಹೆಣ್ಣು ಭಾಗ ಮೊದಲು ಹದಕ್ಕೆ ಬರುತ್ತದೆ, ಗಂಡು ಆಮೇಲೆ. ಕೇಸರದುಂಡೆ, ಅಂದರೆ ಹೂವಿನ ನಡುವೆ ಉಂಡೆಯಂತಿರುವ ಗಂಡು ಭಾಗ, ಕಂದು ಬಣ್ಣಕ್ಕೆ ತಿರುಗಿ ಸಡಿಲಗೊಂಡ ಹೂವಿನಿಂದ ಹಳದಿ ಪುಡಿ ತೆಗೆಯಿರಿ. ಮುಟ್ಟಿಸಬೇಕಾದದ್ದು ಇನ್ನೊಂದು ಮರದ ಎಳೆಯ ಹೂವಿಗೆ: ಉಂಡೆ ಹಸಿರಾಗಿ ಗಟ್ಟಿಯಾಗಿಯೇ ಇರಬೇಕು, ಅದರ ನಡುವಿನ ಹೆಣ್ಣು ಭಾಗದ ತುದಿಗಳು ಹೊಳೆಯುತ್ತಿರಬೇಕು. ಎಲ್ಲ ಹೂವಿಗೂ ಸವರಬೇಡಿ. ಒಂದು ಹೂವಿಗೆ ಹಲವು ಕಾಯಿ ಗೊಂಚಲಾಗುತ್ತವೆ, ರೆಂಬೆ ಮುರಿಯುತ್ತದೆ.

ಕಸಿ ಗಿಡಕ್ಕೆ ಮೂರು ನಾಲ್ಕು ವರ್ಷ, ಬೀಜದ್ದಕ್ಕೆ ಐದರಿಂದ ಎಂಟು ವರ್ಷ ಕಾಯಲೇಬೇಕು.

ತಿನ್ನುವಾಗ ಸಿಪ್ಪೆ, ಬೀಜ ಬಿಡಿ. ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಮೊದಲ ಸಲ ಒಂದೆರಡು ಚಮಚ ಸಾಕು. ತಿರುಳು ಒಣಗಿಸಿ ಹಪ್ಪಳ ಮಾಡುವ ಆಸೆಯಂತೂ ಬೇಡವೇ ಬೇಡ. ಒಣಗಿಸಿದ್ದು ತಿಂದು ವಾಂತಿ ಮಾಡಿಕೊಂಡವರಿದ್ದಾರೆ.

ಬೀಜವನ್ನು ಬೆಂಗಳೂರಿಗೆ ಒಯ್ಯಬೇಕೆನ್ನುವವರೂ ಉಂಟು. ನೆಲದ ಮೇಲೆ ಹರಡಿ ಒಣಗಿಸಿದರೆ ಬೀಜ ಸತ್ತಂತೆಯೇ. ಒದ್ದೆ ಪಾಚಿಯಲ್ಲಿ ಸುತ್ತಿ ಫ್ರಿಜ್‌ನಲ್ಲಿ ಸುಮಾರು 100 ದಿನ ಇಟ್ಟು ಮೊಳೆಸಬಹುದು, ಸರಿ. ಮೊಳೆತ ಗಿಡಕ್ಕೆ ವರ್ಷ ವರ್ಷವೂ ಬೇಕಾದ ಚಳಿಗಾಲವನ್ನು ಅಲ್ಲಿ ಎಲ್ಲಿಂದ ತರುತ್ತೀರಿ?