ಅಂಡರ್‌ರೇಟೆಡ್ ಡ್ರೈವರ್ ಅಂದ್ರೆ ಯಾರು?

ಕಾರ್ ರೇಸ್ ಡ್ರೈವರ್ ಟಾಮ್ ಕ್ರಿಸ್ಟೆನ್ಸನ್ ಅವರನ್ನು ಯಾರೋ ಅಂಡರ್‌ರೇಟೆಡ್, ಅಂದರೆ ಯೋಗ್ಯತೆಗಿಂತ ಕಡಿಮೆ ಬೆಲೆ ಸಿಕ್ಕವರು, ಅಂತ ಕರೆದದ್ದನ್ನು ಮತ್ತೆ ನೋಡಿದೆ. ಇನ್ನು ಸುಮ್ನೆ ಇರೋಕಾಗಲ್ಲ. ಫ್ರಾನ್ಸಿನ ಲೆ ಮಾನ್ 24 ಗಂಟೆ ರೇಸನ್ನು ಒಂಬತ್ತು ಸಲ ಗೆದ್ದವರು, ಅದರಲ್ಲಿ 2000ದಿಂದ 2005ರವರೆಗೆ ಸತತ ಆರು ಸಲ. ರೇಸ್ ಲೋಕ ಅವರನ್ನು ‘ಮಿಸ್ಟರ್ ಲೆ ಮಾನ್’ ಅಂತಲೇ ಕರೆಯುತ್ತದೆ. ಫಾರ್ಮುಲಾ ಒನ್‌ನಲ್ಲಿ ಒಂದು ರೇಸೂ ಓಡಿಸಿಲ್ಲ, ನಿಜ. ಆದರೆ ಅವರ ಬೆಲೆ ಯಾರಿಗೂ ಗೊತ್ತಾಗಲಿಲ್ಲ ಅನ್ನೋದು ಎಲ್ಲಿಂದ ಬಂತು?

ಇಲ್ಲಿ ಪುಣೆಯಲ್ಲಿ ನಮ್ಮ ಕನ್ನಡದ ಗೆಳೆಯರಲ್ಲಿ ಹೆಚ್ಚಿನವರು ಚಾಕಣ್, ಪಿಂಪ್ರಿ, ತಳೇಗಾಂವ್ ಕಡೆಯ ವಾಹನ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು. ಟಾರ್ಕ್ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿದರೂ ಹಿಡಿದು ಕೇಳುವ ಜನ. ಈ ಪದವನ್ನು ಮಾತ್ರ ಕಂಡಕಂಡವರಿಗೆಲ್ಲ ಅಂಟಿಸುತ್ತಾರೆ. ವಿಜಯಪುರದ ಹುಡುಗನೊಬ್ಬ ಟಪರಿಯಲ್ಲಿ ಚಹಾ ಕುಡಿಯುತ್ತಾ ಹೇಳಿದ: “ಪಲೌ ಭಾಳ ಅಂಡರ್‌ರೇಟೆಡ್ ಅದಾನ್ರೀ ಸರ್.” ನಾನು ಕೇಳಿದೆ: “ಅವನಿಗೋಸ್ಕರ ಎರಡು ಟೀಮ್‌ಗಳು ಕೋರ್ಟ್ ಹತ್ತಿದವಲ್ಲೋ ತಮ್ಮಾ, ಮತ್ತ ಅವನ ಬೆಲೆ ಯಾರಿಗೆ ಗೊತ್ತಿಲ್ಲ?” ಅಲೆಕ್ಸ್ ಪಲೌ 2021, 2023, 2024, 2025ರಲ್ಲಿ ಅಮೆರಿಕದ ಇಂಡಿಕಾರ್ ರೇಸ್ ಸರಣಿಯ ಚಾಂಪಿಯನ್, 2025ರಲ್ಲಿ ಇಂಡಿಯಾನಾಪೊಲಿಸ್ 500 ಕೂಡ ಗೆದ್ದ. ಗನಾಸ್ಸಿ ತಂಡ ಅವನನ್ನು ಬಿಟ್ಟುಕೊಡಲ್ಲ ಅಂತ ಕೇಸು ಹಾಕಿತು, ಆಮೇಲೆ ಮೆಕ್‌ಲಾರೆನ್ ನಮ್ಮಲ್ಲಿಗೆ ಬರಲಿಲ್ಲ ಅಂತ ಕೇಸು ಹಾಕಿತು. ಇಂಥವನಿಗೆ ಈ ಪದ ಒಪ್ಪುವುದೇ ಇಲ್ಲ.

ಅಂಡರ್‌ರೇಟೆಡ್ ಅನ್ನಬೇಕಾದರೆ ಮೊದಲು ಒಂದು ರೇಟಿಂಗ್ ಇರಬೇಕು. ಯಾರೋ ಬೆಲೆ ಕಟ್ಟಿರಬೇಕು, ಕಟ್ಟಿದವರಿಗೆ ವಿಷಯ ಗೊತ್ತಿರಬೇಕು, ಮತ್ತು ಆ ಬೆಲೆ ಡ್ರೈವರ್ ಟ್ರ್ಯಾಕ್ ಮೇಲೆ ಮಾಡಿ ತೋರಿಸಿದ್ದಕ್ಕಿಂತ ಕಡಿಮೆ ಇರಬೇಕು. ಮಂಡಯಿ ಮಾರುಕಟ್ಟೆಯಲ್ಲಿ ತಕ್ಕಡಿಗೇ ಹಾಕದ ಈರುಳ್ಳಿಗೆ ತೂಕದಲ್ಲಿ ಮೋಸ ಆಯ್ತು ಅಂತ ಹೇಳೋಕಾಗುತ್ತಾ? ತೊಮೊಕಿ ನೊಜಿರಿ 2021, 2022ರಲ್ಲಿ ಸತತವಾಗಿ ಜಪಾನಿನ ಸೂಪರ್ ಫಾರ್ಮುಲಾ ರೇಸ್ ಸರಣಿ ಗೆದ್ದರು. ಆ ಸರಣಿಯನ್ನು ನೋಡುವವರು ಅವರಿಗೆ ಕೊಡಬೇಕಾದ ಗೌರವವನ್ನು ಪೂರ್ತಿ ಕೊಡುತ್ತಾರೆ. ನಮಗೆ ಹೆಸರು ಗೊತ್ತಿಲ್ಲ, ಅಷ್ಟೇ. ಅದಕ್ಕೆ ‘ಅಪರಿಚಿತ’ ಅನ್ನಿ.

ಬ್ರೆಂಡನ್ ಹಾರ್ಟ್ಲಿ ವಿಷಯದಲ್ಲೂ ಇದೇ ಗೊಂದಲ. ಫಾರ್ಮುಲಾ ಒನ್‌ನ (ಎಫ್‌1) ಟೊರೊ ರೊಸ್ಸೊ ತಂಡದಲ್ಲಿ 2017ರ ಕೊನೆ ಮತ್ತು 2018ರಲ್ಲಿ ಓಡಿಸಿದರು, ಒಟ್ಟು 4 ಅಂಕ ಬಂತು, ಸೀಟು ಹೋಯಿತು. ಅದಕ್ಕೇ ಅಂಡರ್‌ರೇಟೆಡ್ ಅನ್ನುತ್ತಾರೆ. ಆದರೆ ಆ ಸೀಟು ಸಿಗುವ ಮೊದಲೇ ಅವರು ಪೋರ್ಷೆಯಲ್ಲಿ ವಿಶ್ವ ಸಹಿಷ್ಣುತಾ ಚಾಂಪಿಯನ್‌ಷಿಪ್, ಅಂದರೆ ಗಂಟೆಗಟ್ಟಲೆ ಓಡುವ ರೇಸ್‌ಗಳ ಡಬ್ಲ್ಯುಇಸಿ ಸರಣಿ, ಗೆದ್ದಿದ್ದರು. ಸೀಟು ಹೋದ ಮೇಲೆ ಟೊಯೋಟಾ ಕರೆದು ಕೂರಿಸಿಕೊಂಡಿತು, 2020 ಮತ್ತು 2022ರಲ್ಲಿ ಲೆ ಮಾನ್ ಗೆದ್ದರು, ಒಟ್ಟು ನಾಲ್ಕು ವಿಶ್ವ ಪ್ರಶಸ್ತಿ ಆಯಿತು. ಬೆಲೆ ಕಟ್ಟಬೇಕಾದವರು ಸರಿಯಾಗೇ ಕಟ್ಟಿದ್ದಾರೆ. ಎಫ್‌1ನಲ್ಲಿ ಇದ್ದದ್ದು 20 ಸೀಟು, 2026ರಿಂದ 22. ಅಷ್ಟರಲ್ಲಿ ಜಾಗ ಸಿಗಲಿಲ್ಲ ಅನ್ನುವುದು ಇಡೀ ಜಗತ್ತಿನ ಡ್ರೈವರ್‌ಗಳಿಗೆ ಕೊಟ್ಟ ಮಾರ್ಕ್ಸ್ ಅಲ್ಲ.

ಇಷ್ಟೆಲ್ಲ ಹೇಳಲು ಇನ್ನೊಂದು ಕಾರಣ ಇದೆ. ಎಫ್‌1 ಹೊರಗಿನ ರೇಸಿಂಗ್‌ನಲ್ಲಿ ರೇಟಿಂಗ್ ಅನ್ನುವುದು ಬಾಯಿಮಾತಲ್ಲ. ಅದು ಕಾಗದದ ಮೇಲೆ ನಿಜವಾಗಿಯೂ ಇದೆ. ಮೋಟಾರ್ ರೇಸಿಂಗ್‌ನ ಜಾಗತಿಕ ಆಡಳಿತ ಸಂಸ್ಥೆ ಎಫ್‌ಐಎ ಸ್ಪೋರ್ಟ್ಸ್‌ಕಾರ್ ಡ್ರೈವರ್‌ಗಳಿಗೆ ಪ್ಲಾಟಿನಂ, ಗೋಲ್ಡ್, ಸಿಲ್ವರ್, ಬ್ರಾಂಜ್ ಅಂತ ದರ್ಜೆ ಕೊಡುತ್ತದೆ. ಪಟ್ಟಿ ಬಹಿರಂಗವಾಗಿದೆ, ಯಾರು ಬೇಕಾದರೂ ನೋಡಬಹುದು. ಅಂಡರ್‌ರೇಟೆಡ್ ಅನ್ನುವ ಪದಕ್ಕೆ ಅಕ್ಷರಶಃ ಅರ್ಥ ಇರುವುದು ಇಲ್ಲಿ. ಆದರೆ ಈ ಪದವನ್ನು ದಿನಾ ಬಳಸುವವರಲ್ಲಿ ಈ ಪಟ್ಟಿಯನ್ನು ತೆರೆದು ನೋಡಿದವರು ತುಂಬಾ ಕಡಿಮೆ, ಅದೇ ನನಗೆ ಬೇಸರ.

ಪಟ್ಟಿ ಯಾಕೆ ಬೇಕು? ಡಬ್ಲ್ಯುಇಸಿಯಲ್ಲಿ ರಸ್ತೆ ಕಾರುಗಳನ್ನು ಆಧರಿಸಿದ ರೇಸ್ ಕಾರುಗಳ ಎಲ್‌ಎಂಜಿಟಿ3 ವರ್ಗದಲ್ಲಿ ಒಂದು ಕಾರನ್ನು ಮೂವರು ಹಂಚಿಕೊಂಡು ಓಡಿಸುತ್ತಾರೆ. ಅವರಲ್ಲಿ ಒಬ್ಬರು ಬ್ರಾಂಜ್ ಆಗಿರಲೇಬೇಕು, ಇನ್ನೊಬ್ಬರು ಸಿಲ್ವರ್ ಅಥವಾ ಬ್ರಾಂಜ್, ಮೂರನೆಯವರು ಯಾರಾದರೂ ಆಗಬಹುದು. ಬ್ರಾಂಜ್ ಅಂದರೆ ಸಾಮಾನ್ಯವಾಗಿ ಹವ್ಯಾಸಕ್ಕೆ ರೇಸ್ ಮಾಡುವವರು, 30 ವರ್ಷ ದಾಟಿದ ಮೇಲೆ ಮೊದಲ ಲೈಸೆನ್ಸ್ ತೆಗೆದುಕೊಂಡ ಉದ್ಯಮಿಗಳು, ಹಲವು ಸಲ ತಂಡದ ಖರ್ಚನ್ನೂ ತಾವೇ ನೋಡಿಕೊಳ್ಳುವವರು. ಅವರು ಇಷ್ಟು ಹೊತ್ತು ಸ್ಟಿಯರಿಂಗ್ ಹಿಡಿಯಲೇಬೇಕು ಅಂತಲೂ ನಿಯಮ ಇದೆ, ಹಾಗಾಗಿ ಅವರನ್ನು ಹೆಸರಿಗೆ ಮಾತ್ರ ಕೂರಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಮೇಲಿನ ಹೈಪರ್‌ಕಾರ್ ವರ್ಗದಲ್ಲಿ ಬ್ರಾಂಜ್‌ಗೆ ಅವಕಾಶವೇ ಇಲ್ಲ.

ಈಗ ಸಿಲ್ವರ್ ನೋಡಿ. ಎಲ್ಲ ಕಥೆಯೂ ಇದರಲ್ಲೇ ಇರುವುದು. ವಯಸ್ಸು 30ಕ್ಕಿಂತ ಕಡಿಮೆ, ಪ್ಲಾಟಿನಂಗೂ ಗೋಲ್ಡ್‌ಗೂ ಬೇಕಾದ ಫಲಿತಾಂಶ ಇನ್ನೂ ಬಂದಿಲ್ಲ ಅಂದರೆ ಆ ಡ್ರೈವರ್ ಸಿಲ್ವರ್. ಎಂಟನೇ ವಯಸ್ಸಿನಿಂದ ಕಾರ್ಟ್ ಓಡಿಸಿ, ಫಾರ್ಮುಲಾ 3ರಲ್ಲಿ ದುಡ್ಡು ಮುಗಿದು ಸ್ಪೋರ್ಟ್ಸ್‌ಕಾರ್ ಕಡೆ ಬಂದ 20 ವರ್ಷದ ಹುಡುಗನೂ ಸಿಲ್ವರ್ ಆಗಬಹುದು, ಸಾಧಾರಣ ವೇಗದ ಹವ್ಯಾಸಿಯೂ ಸಿಲ್ವರ್ ಆಗಬಹುದು. ಇಬ್ಬರ ನಡುವೆ ಒಂದು ಲ್ಯಾಪ್‌ಗೆ, ಅಂದರೆ ಟ್ರ್ಯಾಕಿನ ಒಂದು ಸುತ್ತಿಗೆ, ಸೆಕೆಂಡುಗಳ ಅಂತರ. ಗೋಲ್ಡ್‌ನಷ್ಟೇ ವೇಗ ಇದ್ದೂ ಪಟ್ಟಿಯಲ್ಲಿ ಸಿಲ್ವರ್ ಅಂತ ಇರುವವನಿಗೆ ಪ್ಯಾಡಕ್‌ನಲ್ಲಿ, ಅಂದರೆ ಟ್ರ್ಯಾಕ್ ಪಕ್ಕ ತಂಡಗಳು ಇರುವ ಜಾಗದಲ್ಲಿ, ಹೇಳುವುದು ‘ಸೂಪರ್ ಸಿಲ್ವರ್’ ಅಂತ. ತಂಡಗಳು ಇಂಥವರನ್ನು ಹುಡುಕಿಕೊಂಡು ಹೋಗುತ್ತವೆ. ನಿಯಮ ಪಾಲಿಸಿದ ಹಾಗೂ ಆಯಿತು, ಗೆಲ್ಲುವ ಕೈ ಸಿಕ್ಕ ಹಾಗೂ ಆಯಿತು.

2023ರ ಲೆ ಮಾನ್ ಇದಕ್ಕೆ ಒಳ್ಳೇ ಉದಾಹರಣೆ. ಹವ್ಯಾಸಿಗಳೂ ಇರಬೇಕಾಗಿದ್ದ ಜಿಟಿಇ ಆಮ್ ವರ್ಗದಲ್ಲಿ ಕಾರ್ವೆಟ್ ಕಾರಿನಲ್ಲಿ ಇದ್ದವರು ಬೆನ್ ಕೀಟಿಂಗ್, ನಿಕಿ ಕ್ಯಾಟ್ಸ್‌ಬರ್ಗ್ ಮತ್ತು ನಿಕೊ ವರೋನೆ. ಕೀಟಿಂಗ್ ಟೆಕ್ಸಾಸ್‌ನಲ್ಲಿ ಕಾರ್ ಮಾರುವ ಉದ್ಯಮಿ, ಬ್ರಾಂಜ್. ಕ್ಯಾಟ್ಸ್‌ಬರ್ಗ್ ಕಂಪನಿಯ ವೃತ್ತಿಪರ ಡ್ರೈವರ್. ಅರ್ಜೆಂಟೀನಾದ ಹುಡುಗ ವರೋನೆ ಸಿಲ್ವರ್. ರೇಸ್ ಶುರುವಾದ ಸ್ವಲ್ಪ ಹೊತ್ತಿಗೇ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಕೆಟ್ಟು ಎರಡು ಲ್ಯಾಪ್ ಹಿಂದೆ ಬಿದ್ದರು, ಆಮೇಲೆ ಮೇಲೆ ಬಂದು ಗೆದ್ದರು. ಆ ವರ್ಷ ಆ ಹುಡುಗ ಓಡಿಸಿದ್ದನ್ನು ನೋಡಿದವರಿಗೆ ಸೂಪರ್ ಸಿಲ್ವರ್ ಅಂದರೇನು ಅಂತ ಬೇರೆ ಹೇಳಬೇಕಾಗಿಲ್ಲ.

ಬ್ರಾಂಜ್‌ನಲ್ಲೂ ಹೀಗೇ. ಬೆಲ್ಜಿಯಂನ ಸಾರಾ ಬೋವಿ ಬ್ರಾಂಜ್ ದರ್ಜೆಯಲ್ಲಿದ್ದಾಗಲೇ 2022ರಲ್ಲಿ ಮೋಂಜಾದಲ್ಲಿ ತಮ್ಮ ವರ್ಗದ ಪೋಲ್, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಶುರುಮಾಡುವ ಜಾಗ, ಪಡೆದರು. ಡಬ್ಲ್ಯುಇಸಿಯಲ್ಲಿ ಪೋಲ್ ಪಡೆದ ಮೊದಲ ಮಹಿಳೆ ಅವರೇ. 2023ರ ನವೆಂಬರ್‌ನಲ್ಲಿ ಬಹರೇನ್‌ನಲ್ಲಿ ರಾಹೆಲ್ ಫ್ರೈ, ಮಿಶೆಲ್ ಗ್ಯಾಟಿಂಗ್ ಜೊತೆ ಸೇರಿ ತಮ್ಮ ವರ್ಗ ಗೆದ್ದರು, ಮೂವರೂ ಮಹಿಳೆಯರೇ ಇರುವ ತಂಡಕ್ಕೆ ಆ ಸರಣಿಯಲ್ಲಿ ಅದು ಮೊದಲ ಗೆಲುವು. ಬೋವಿ ಅವರ ಲ್ಯಾಪ್ ಟೈಮ್‌ಗಳನ್ನು ಉಳಿದ ಬ್ರಾಂಜ್ ಡ್ರೈವರ್‌ಗಳ ಪಕ್ಕದಲ್ಲಿಟ್ಟು ನೋಡಿ. ಇವರನ್ನು ಅಂಡರ್‌ರೇಟೆಡ್ ಅಂದರೆ ನಾನು ಎರಡೂ ಕೈ ಎತ್ತಿ ಒಪ್ಪುತ್ತೇನೆ, ಯಾಕೆಂದರೆ ಇಲ್ಲಿ ರೇಟಿಂಗೂ ಇದೆ, ಅದನ್ನು ಮೀರಿದ ಕೆಲಸವೂ ಇದೆ.

ಗಮನಿಸಿ, ಈ ಲೋಕದಲ್ಲಿ ಅಂಡರ್‌ರೇಟೆಡ್ ಆಗಿರುವುದು ಕೊರಗುವ ವಿಷಯ ಅಲ್ಲ. ಅದೇ ಹೊಟ್ಟೆಪಾಡು. ಚೆನ್ನಾಗಿ ಓಡಿಸಿದ ಸಿಲ್ವರ್ ಡ್ರೈವರ್ ಮುಂದಿನ ವರ್ಷ ಗೋಲ್ಡ್ ಆಗುತ್ತಾನೆ. ಆದ ಕೂಡಲೇ ಪ್ಲಾಟಿನಂ ಡ್ರೈವರ್‌ಗಳು ಇರುವ ಜಾಗಕ್ಕೇ ಸ್ಪರ್ಧೆಗೆ ಬೀಳುತ್ತಾನೆ. ಸಿಲ್ವರ್ ಸೀಟು ಕೈತಪ್ಪುತ್ತದೆ, ಗೋಲ್ಡ್ ಆಗಿ ಕೆಲಸ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಅದಕ್ಕೇ ಬಡ್ತಿ ಬೇಡ ಅಂತ ಮೇಲ್ಮನವಿ ಹಾಕುವವರೂ ಇದ್ದಾರೆ. ‘ಪಾಪ, ಅಂಡರ್‌ರೇಟೆಡ್’ ಅಂತ ನಾವು ಮರುಗುವ ಹೊತ್ತಿಗೆ ಆ ಡ್ರೈವರ್ ಇನ್ನೊಂದು ವರ್ಷ ಹಾಗೇ ಉಳಿದರೆ ಸಾಕು ಅಂದುಕೊಂಡಿರುತ್ತಾನೆ.

ಇನ್ನೊಂದು ತಪ್ಪು ತಿಳುವಳಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈ ಬಣ್ಣಗಳು ಒಲಿಂಪಿಕ್ಸ್ ಪದಕಗಳಲ್ಲ. ಎಫ್‌1 ಓಡಿಸಲು ಬೇಕಾದ ಸೂಪರ್ ಲೈಸೆನ್ಸ್ ಇತ್ತೇ, ದೊಡ್ಡ ಸರಣಿಯಲ್ಲಿ ಏನು ಮಾಡಿದ್ದಾರೆ, ಕಾರ್ ಕಂಪನಿ ಸಂಬಳ ಕೊಡುತ್ತದೆಯೇ, ವಯಸ್ಸೆಷ್ಟು ಅಂತ ನೋಡಿ ಕೊಡುತ್ತಾರೆ. 50 ದಾಟಿದ ಮೇಲೆ ವಯಸ್ಸಿನ ಕಾರಣಕ್ಕೇ ದರ್ಜೆ ಇಳಿಯಬಹುದು. ಹಾಗಾಗಿ ಪ್ಲಾಟಿನಂ ಆದವರೆಲ್ಲ ಗೋಲ್ಡ್ ಆದವರಿಗಿಂತ ಈ ಭಾನುವಾರ ವೇಗವಾಗಿ ಓಡಿಸುತ್ತಾರೆ ಅಂತ ಅರ್ಥ ಅಲ್ಲ.

ಪಟ್ಟಿ ಬಿಟ್ಟು ಮಾತಿನ ಅರ್ಥದಲ್ಲಿ ಬಳಸುವುದಾದರೆ ಬಳಸಿ, ಆದರೆ ಯಾರು ಎಲ್ಲಿ ಕಡಿಮೆ ಬೆಲೆ ಕಟ್ಟಿದರು ಅಂತ ತೋರಿಸಬೇಕು. ನಾನು ತೋರಿಸುತ್ತೇನೆ. 2015ರಲ್ಲಿ ಪೋರ್ಷೆ ಲೆ ಮಾನ್‌ಗೆ ಮೂರನೇ ಕಾರು ತಂದಿತು, ನಂಬರ್ 19. ಓಡಿಸಿದವರು ಎಫ್‌1 ಡ್ರೈವರ್ ನಿಕೊ ಹಲ್ಕೆನ್‌ಬರ್ಗ್, ನಿಕ್ ಟ್ಯಾಂಡಿ, ಅರ್ಲ್ ಬ್ಯಾಂಬರ್. ಗೆದ್ದರು. ಎಫ್‌1 ನೋಡುವವರಿಗೆಲ್ಲ ಅದು ‘ಹಲ್ಕೆನ್‌ಬರ್ಗ್ ಲೆ ಮಾನ್ ಗೆದ್ದ ವರ್ಷ’, ಇವತ್ತಿಗೂ ಹಾಗೇ. ಹಲ್ಕೆನ್‌ಬರ್ಗ್ ಚೆನ್ನಾಗೇ ಓಡಿಸಿದರು, ಅದರ ಬಗ್ಗೆ ತಕರಾರಿಲ್ಲ. ಆದರೆ ಅದೇ ಕಾರು, ಅದೇ ಟೈರು, ಅದೇ ಸೆಟಪ್‌ನಲ್ಲಿ ಉಳಿದಿಬ್ಬರೂ ಓಡಿಸಿದರು. ಸಹಿಷ್ಣುತಾ ರೇಸಿಂಗ್‌ನ ದೊಡ್ಡ ಅನುಕೂಲವೇ ಇದು, ಮೂವರನ್ನು ಒಂದೇ ಕಾರಿನಲ್ಲಿ ಹೋಲಿಸಬಹುದು. ರಾತ್ರಿ ಯಾರು ಕೂತರು, ಮಳೆ ಯಾರಿಗೆ ಸಿಕ್ಕಿತು, ನಿಧಾನದ ಕಾರುಗಳ ಗುಂಪು ಯಾರಿಗೆ ಅಡ್ಡ ಬಂತು ಅಂತ ಲೆಕ್ಕ ಹಾಕಿ, ಪ್ರತಿಯೊಬ್ಬರ ಒಳ್ಳೇ ಲ್ಯಾಪ್‌ಗಳ ಸರಾಸರಿ ತೆಗೆದರೆ ಚಿತ್ರ ಸಾಕಷ್ಟು ಸ್ಪಷ್ಟವಾಗುತ್ತದೆ. ಒಂದೇ ಒಂದು ವೇಗದ ಲ್ಯಾಪ್ ಹಿಡಿದು ತೀರ್ಪು ಕೊಡಬೇಡಿ.

ಟ್ಯಾಂಡಿ ಅಲ್ಲಿಗೆ ನಿಲ್ಲಲಿಲ್ಲ. 2018ರಲ್ಲಿ ನ್ಯೂರ್ಬರ್ಗ್‌ರಿಂಗ್, 2020ರಲ್ಲಿ ಸ್ಪಾ, 2025ರಲ್ಲಿ ಡೇಟೋನಾ. ಲೆ ಮಾನ್ ಸೇರಿ ಈ ನಾಲ್ಕೂ 24 ಗಂಟೆ ರೇಸ್‌ಗಳನ್ನು ಒಟ್ಟಾರೆ ಮೊದಲ ಸ್ಥಾನದಲ್ಲಿ ಗೆದ್ದ ಮೊದಲ ಮನುಷ್ಯ ಇವರು, ಕ್ರಿಸ್ಟೆನ್ಸನ್ ಕೂಡ ಇದನ್ನು ಮಾಡಿಲ್ಲ. ಆದರೂ ನೀವು ನೋಡುವ ಯಾವ ‘ಟಾಪ್ 10’ ಪಟ್ಟಿಯಲ್ಲೂ ಅವರ ಹೆಸರು ಸುಲಭಕ್ಕೆ ಸಿಗುವುದಿಲ್ಲ.

ಆಂಡ್ರೆ ಲೊಟೆರರ್ ನನ್ನ ಮಟ್ಟಿಗೆ ಎರಡನೇ ಹೆಸರು. 2011, 2012, 2014ರಲ್ಲಿ ಲೆ ಮಾನ್ ಗೆದ್ದವರು. 2014ರಲ್ಲಿ ಸ್ಪಾದಲ್ಲಿ ಕೇಟರ್‌ಹ್ಯಾಮ್ ಕಾರಿನಲ್ಲಿ ಒಂದೇ ಒಂದು ಎಫ್‌1 ರೇಸ್ ಸಿಕ್ಕಿತು. ಆ ಕಾರಿನ ಪರಿಚಯವೇ ಇರಲಿಲ್ಲ, ಮೇಲೆ ಒದ್ದೆ ಟ್ರ್ಯಾಕ್. ಆದರೂ ರೇಸ್‌ನ ಶುರುವಿನ ಕ್ರಮ ತೀರ್ಮಾನಿಸುವ ಕ್ವಾಲಿಫೈಯಿಂಗ್‌ನಲ್ಲಿ ಇಡೀ ವರ್ಷ ಅದೇ ಕಾರು ಓಡಿಸುತ್ತಿದ್ದ ಮಾರ್ಕಸ್ ಎರಿಕ್ಸನ್‌ಗಿಂತ ಹೆಚ್ಚುಕಡಿಮೆ ಒಂದು ಸೆಕೆಂಡ್ ಮುಂದೆ ಬಂದರು. ರೇಸ್‌ನಲ್ಲಿ ಕಾರು ಒಂದು ಲ್ಯಾಪ್ ಮುಗಿಸುವ ಹೊತ್ತಿಗೇ ಕೈಕೊಟ್ಟಿತು. ಎಫ್‌1 ದಾಖಲೆಯಲ್ಲಿ ಇವರ ಹೆಸರಿನ ಮುಂದೆ ಇರುವುದು ಆ ಒಂದು ರಿಟೈರ್‌ಮೆಂಟ್ ಮಾತ್ರ, ಜನ ನೋಡುವುದೂ ಅದನ್ನೇ. 2024ರಲ್ಲಿ 40 ದಾಟಿದ ಮೇಲೆ ಎಸ್ಟ್ರೆ, ವಾಂತೂರ್ ಜೊತೆ ಪೋರ್ಷೆಯಲ್ಲಿ ಮತ್ತೆ ವಿಶ್ವ ಚಾಂಪಿಯನ್ ಆದರು.

ನಮ್ಮವರ ವಿಷಯಕ್ಕೆ ಬಂದರೆ, ಮುಂಬೈಯ ಜೆಹಾನ್ ದಾರುವಾಲಾ ಫಾರ್ಮುಲಾ 2ರಲ್ಲಿ ರೇಸ್ ಗೆದ್ದು ಎಲೆಕ್ಟ್ರಿಕ್ ಕಾರುಗಳ ಫಾರ್ಮುಲಾ ಇ ಸರಣಿಗೆ ಹೋದರು, ಬೆಂಗಳೂರಿನ ಅರ್ಜುನ್ ಮೈನಿ 2021ರಿಂದ ಜರ್ಮನಿಯ ಡಿಟಿಎಂ ಕಾರ್ ರೇಸ್ ಸರಣಿಯಲ್ಲಿದ್ದಾರೆ. ಇಬ್ಬರಿಗೂ ಈ ಪದ ಈಗಲೇ ಬೇಡ ಅನ್ನಿಸುತ್ತದೆ. ನಮ್ಮಲ್ಲಿ ಅವರ ರೇಸ್ ನೋಡುವವರೇ ಕಡಿಮೆ, ಮತ್ತೆ ಬೆಲೆ ಕಟ್ಟುವವರು ಯಾರು? ರ‍್ಯಾಲಿಯ ಗೌರವ್ ಗಿಲ್ ಏಷ್ಯಾ ಪೆಸಿಫಿಕ್ ಪ್ರಶಸ್ತಿ ಮೂರು ಸಲ ಗೆದ್ದರು, 2019ರಲ್ಲಿ ಅರ್ಜುನ ಪ್ರಶಸ್ತಿಯೂ ಬಂತು, ಹಾಗಾಗಿ ಅವರಿಗೂ ಈ ಪದ ಒಪ್ಪುವುದಿಲ್ಲ.

ಆದರೆ ನರೇನ್ ಕಾರ್ತಿಕೇಯನ್‌ಗೆ ಈ ಪದ ಪೂರ್ತಿ ಸಲ್ಲುತ್ತದೆ. ನಮ್ಮಲ್ಲಿ ಎಲ್ಲರೂ ಅವರಿಗೆ ಬೆಲೆ ಕಟ್ಟಿ ಮುಗಿಸಿದ್ದಾರೆ: ಎಫ್‌1 ಓಡಿಸಿದ ಮೊದಲ ಭಾರತೀಯ, 2005ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ನಾಲ್ಕನೇ ಸ್ಥಾನ, ಅದೂ ಆರೇ ಕಾರು ಓಡಿದ ರೇಸ್, ಅಲ್ಲಿಗೆ ಕಥೆ ಮುಗಿಯಿತು ಅನ್ನುವ ಹಾಗೆ. ಅದಾದ ಮೇಲೆ ದೇಶಗಳ ಹೆಸರಿನಲ್ಲಿ ತಂಡಗಳು ಓಡುತ್ತಿದ್ದ ಎ1 ಜಿಪಿ ಸರಣಿಯಲ್ಲಿ ಚೀನಾದ ಝುಹಾಯ್‌ನಲ್ಲೂ ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲೂ ಭಾರತದ ಹೆಸರಿನಲ್ಲಿ ಗೆದ್ದರು. 2019ರ ನವೆಂಬರ್‌ನಲ್ಲಿ ಫುಜಿಯಲ್ಲಿ ಜಪಾನಿನ ಸೂಪರ್ ಜಿಟಿ ಮತ್ತು ಜರ್ಮನಿಯ ಡಿಟಿಎಂ ಕಾರುಗಳನ್ನು ಒಟ್ಟಿಗೆ ಓಡಿಸಿದಾಗ, ಎರಡೂ ಸರಣಿಗಳ ವೃತ್ತಿಪರ ಡ್ರೈವರ್‌ಗಳಿದ್ದ ಆ ಸಾಲಿನಲ್ಲಿ, 42ನೇ ವಯಸ್ಸಿನಲ್ಲಿ, ನಕಾಜಿಮಾ ರೇಸಿಂಗ್‌ನ ಹೋಂಡಾದಲ್ಲಿ ಎರಡನೇ ರೇಸ್ ಗೆದ್ದವರು ಇದೇ ನರೇನ್.